ಗಾಳಿ ಅಳೆಯುವ ಸೆನ್ಸರ್: ಬದಲಿಸುವ ಮುಂಚೆ ತೊಳೆದು ನೋಡಿರಿ
(ಸಭಾಸದರ ಮೇಳದಲ್ಲಿ ಮಾಡಿದ ಭಾಷಣ)



ಕಬ್ಬಿನ ವಿಷಯದಲ್ಲಿ ನಿಮಗೆ ಹೇಳುವಷ್ಟು ತಿಳಿದವನು ನಾನಲ್ಲ. ಇಪ್ಪತ್ತು ವರ್ಷಗಳಿಂದ ಗಾಡಿ ದುರುಸ್ತಿ ಮಾಡುತ್ತ ಬಂದವನು. ಹಂಗಾಮು ಸುರುವಾಯಿತೆಂದರೆ ಕಾರು, ಜೀಪು ಇಟ್ಟುಕೊಂಡ ಸಭಾಸದರಿಂದ ಒಂದೇ ದೂರು ಕೇಳುತ್ತೇನೆ: “ಗಾಡಿ ಎಳೀವಲ್ದು, ಎಂಜಿನ್ ದೀಪ ಹತ್ತೇತಿ.” ಇದರ ಒಂದು ಕಾರಣದ ಬಗ್ಗೆ ಎರಡು ಮಾತು ಹೇಳುತ್ತೇನೆ.

ಹೋದ ಹಂಗಾಮಿನಲ್ಲಿ ಅಕ್ಕಲಕೋಟೆ ತಾಲೂಕಿನ ಹಳ್ಳಿ ರಸ್ತೆಯೊಂದರಲ್ಲಿ ನನ್ನ ಡೀಸೆಲ್ ಕಾರಿನಲ್ಲಿ ಹೊರಟಿದ್ದೆ. ಮುಂದೆ ಕಬ್ಬು ಹೇರಿದ ಜೋಡಿ ಟ್ರೇಲರ್. ರಸ್ತೆ ಖಾಲಿ ಕಂಡು ಬಲಕ್ಕೆ ತೆಗೆದು ಎಕ್ಸಲೇಟರ್ ಒತ್ತಿದೆ. ಗಾಡಿ ಏಳಲೇ ಇಲ್ಲ. ಅಷ್ಟರಲ್ಲಿ ಎದುರಿಗೆ ಲಾರಿ. ಬ್ರೇಕ್ ಹಾಕಿ ಟ್ರೇಲರಿನ ಹಿಂದೆ ಸರಿದುದರಿಂದ ಇಂದು ನಿಮ್ಮೆದುರು ನಿಂತಿದ್ದೇನೆ. ಮನೆಗೆ ಬಂದು ಬಿಚ್ಚಿ ನೋಡಿದರೆ ಗಾಳಿ ಅಳೆಯುವ ಸೆನ್ಸರಿನ ಮೇಲೆ ಧೂಳಿನ ಪದರ. ಎರಡು ತಿಂಗಳ ಹಿಂದೆ ಫಿಲ್ಟರ್ ಜಾಡಿಸಿ ಹಾಕುವಾಗ ಡಬ್ಬಿಯ ಒಂದು ಕ್ಲಿಪ್ಪು ಹಾಕದೆ ಬಿಟ್ಟವನು ನಾನೇ!

ಈ ಸೆನ್ಸರ್ ಏರ್ ಫಿಲ್ಟರಿನ ಮುಂದಿನ ಕೊಳವೆಯಲ್ಲಿ ಇರುತ್ತದೆ. ಬಿಸಿ ಚಹಾ ಬಶಿಗೆ ಹಾಕಿ ಊದುತ್ತೀರಿ. ಜೋರಾಗಿ ಊದಿದಷ್ಟು ಬೇಗ ಆರುತ್ತದೆ. ಇದೂ ಹಾಗೆಯೇ. ಒಳಗಿನ ಸಣ್ಣ ತಂತಿ ಅಥವಾ ಪಟ್ಟಿಯನ್ನು ಕರೆಂಟು ಬಿಸಿ ಮಾಡುತ್ತದೆ, ಒಳಬರುವ ಗಾಳಿ ಆರಿಸುತ್ತದೆ. ಬಿಸಿ ಕಾಯ್ದುಕೊಳ್ಳಲು ಎಷ್ಟು ಕರೆಂಟು ಬೇಕಾಯಿತೋ ಅದರಿಂದ ಗಾಳಿಯ ತೂಕ ತಿಳಿಯುತ್ತದೆ. ಧೂಳು ಕೂತರೆ ಅಳತೆ ತಪ್ಪುತ್ತದೆ. ಗಾಳಿ ಕಡಿಮೆಯೆಂದು ತಿಳಿದ ಗಾಡಿಯ ಕಂಪ್ಯೂಟರು ಡೀಸೆಲನ್ನೂ ಬಿಗಿ ಹಿಡಿಯುತ್ತದೆ. ಪೆಟ್ರೋಲ್ ಗಾಡಿಯಾದರೆ ಜರ್ಕ್ ಹೊಡೆಯುತ್ತದೆ. ಹಳೆಯ ಪಂಪಿನ ಟ್ರ್ಯಾಕ್ಟರುಗಳಲ್ಲಿ ಈ ಸೆನ್ಸರ್ ಇಲ್ಲ; ಎಲ್ಲ ಕಾರುಗಳಲ್ಲಿಯೂ ಇಲ್ಲ. ಮೊದಲು ಗಾಡಿಯ ಪುಸ್ತಕ ನೋಡಿರಿ.

ತೊಳೆಯುವ ಮೊದಲು ಪರೀಕ್ಷೆ ಮಾಡಿರಿ. ಸ್ಕ್ಯಾನರ್ ಹಚ್ಚಿದಾಗ ಪಿ0100ರಿಂದ ಪಿ0104ರವರೆಗಿನ ಕೋಡು ಬಂದರೆ ಈ ಸೆನ್ಸರ್ ಇಲ್ಲವೆ ಅದರ ವೈರಿಂಗಿನ ಕಡೆಗೆ ಬೊಟ್ಟು ಮಾಡಿದಂತೆ. ಕೋಡು ಬಂತೆಂದರೆ ಸೆನ್ಸರ್ ಸತ್ತಿತೆಂದು ಅರ್ಥವಲ್ಲ. 2 ಲೀಟರಿನ ಪೆಟ್ರೋಲ್ ಎಂಜಿನ್ ಕಾದು, ಸುಮ್ಮನೆ ತಿರುಗುತ್ತಿರುವಾಗ ಸೆಕೆಂಡಿಗೆ ಸುಮಾರು 2ರಿಂದ 4 ಗ್ರಾಂ ಗಾಳಿ ತೋರಿಸಬೇಕು. ಡೀಸೆಲಿಗೆ ಈ ಲೆಕ್ಕ ಬೇರೆ. ಯಾವುದೇ ಇರಲಿ, ಎಕ್ಸಲೇಟರ್ ಒತ್ತಿದಂತೆ ಅಂಕಿ ಜಿಗಿಯದೆ, ನಿಲ್ಲದೆ ಏರಬೇಕು. ಕಂಡ ಅಂಕಿಯನ್ನು ಚೀಟಿಯಲ್ಲಿ ಬರೆದಿಡಿರಿ.

ಇನ್ನು ತೊಳೆಯುವ ಕ್ರಮ. ಎಂಜಿನ್ ಆರಿಸಿ, ಕೀಲಿ ತೆಗೆದು, ತಣ್ಣಗಾಗಲು ಬಿಡಿರಿ. ವೈರು ಜಗ್ಗದೆ, ಲಾಕ್ ಒತ್ತಿ ಪ್ಲಗ್ಗು ಬಿಚ್ಚಿರಿ. ಸ್ಕ್ರೂ ತೆಗೆದು ಸೆನ್ಸರನ್ನು ಹೊರಗೆ ತೆಗೆಯಿರಿ. ಈ ಸೆನ್ಸರಿಗೆಂದೇ ಮಾರುವ ಸ್ಪ್ರೇಯನ್ನು ಒಂದು ಗೇಣು ದೂರದಿಂದ ಹತ್ತು ಹದಿನೈದು ಸಲ ಹೊಡೆಯಿರಿ. ಪೆಟ್ರೋಲ್ ಬೇಡ, ಕಾರ್ಬೊರೇಟರ್ ಸ್ಪ್ರೇ ಬೇಡ. ಬಟ್ಟೆ, ಬ್ರಷ್, ಬೆರಳು ತಾಗಿಸಬೇಡಿರಿ. ಕಂಪ್ರೆಸರ್ ಗಾಳಿ ಹೊಡೆದರೆ ಕೂದಲೆಳೆಯಂಥ ತಂತಿ ಹರಿದೀತು. ಸ್ಪ್ರೇ ಬೆಂಕಿ ಹಿಡಿಯುವಂಥದು. ಹತ್ತಿರ ಬೀಡಿ ಸೇದಬೇಡಿರಿ. ಪೂರ್ತಿ ಒಣಗಿದ ಮೇಲೆಯೇ, ಬಾಣದ ಗುರುತು ಎಂಜಿನ್ ಕಡೆಗೆ ಬರುವಂತೆ ಕೂಡಿಸಿರಿ.

ಬಳಿಕ ಮತ್ತೆ ಸ್ಕ್ಯಾನರ್ ಹಚ್ಚಿ, ಚೀಟಿಯ ಅಂಕಿಯೊಂದಿಗೆ ಹೋಲಿಸಿರಿ. ಸುಧಾರಿಸದಿದ್ದರೆ ಪ್ಲಗ್ಗಿನ ಪಿನ್ನು, ವೈರು, ಸೆನ್ಸರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಬಿರುಕು ನೋಡಿರಿ. ಅವೆಲ್ಲ ಸರಿಯಿದ್ದರೆ ಮಾತ್ರ ಹೊಸ ಸೆನ್ಸರಿಗೆ ದುಡ್ಡು ಕೊಡಿರಿ.

ಕೊನೆಯದಾಗಿ, ತೊಳೆದರಷ್ಟೇ ಸಾಲದು, ಧೂಳು ಎಲ್ಲಿಂದ ಬಂತೆಂದು ಹುಡುಕಬೇಕು. ನನ್ನ ಗಾಡಿಯಲ್ಲಿ ಅದು ಒಂದು ಕ್ಲಿಪ್ಪು. ನಿಮ್ಮದು ಹರಿದ ಫಿಲ್ಟರ್ ಇರಬಹುದು. ಹಂಗಾಮಿನ ರಸ್ತೆಯಲ್ಲಿ ಧೂಳು ತಪ್ಪಿದ್ದಲ್ಲ. ಗಾಡಿ ಎಳೆಯುವುದಿಲ್ಲವೆಂದು ಅನಿಸಿದರೆ, ದುರುಸ್ತಿಯಾಗುವವರೆಗೆ ಕಬ್ಬಿನ ಟ್ರೇಲರ್ ದಾಟುವ ಅವಸರ ಮಾಡಬೇಡಿರಿ. ಕಾಲು ತಾಸು ತಡವಾದರೂ ಮನೆ ಮುಟ್ಟುತ್ತೀರಿ.