ಸುಮ್ಮನಿದ್ದರೆ ಕಡಿದುಹೋಗುತ್ತದೆ!



ನಮ್ಮ ಮನೆಯ ಇಂಟರ್‌ನೆಟ್ ಬಳಸುವಾಗ ಸರಿಯಾಗಿಯೇ ಇರುತ್ತಿತ್ತು. ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಸಂಪರ್ಕ ಕಡಿದುಹೋಗುತ್ತಿತ್ತು. ಕಂಪನಿಗೆ ಫೋನ್ ಮಾಡಿದರೆ ಹಿಂದಿ, ಇಲ್ಲವೇ ಇಂಗ್ಲಿಷ್. ಮೂರು ವಾರ ಒದ್ದಾಡಿದೆ. ಕೊನೆಗೆ ಕನ್ನಡದ ಹುಡುಗನೊಬ್ಬ ಬಂದು ಹತ್ತೇ ನಿಮಿಷದಲ್ಲಿ ತಿಳಿಸಿಕೊಟ್ಟ. ನೀವೂ ಕೇಳಿ.

ಸಂಪರ್ಕ ಕಡಿದಾಗ ಮೊಬೈಲಿನ ಡಾಟಾ ನಿಲ್ಲಿಸಿ, ಮನೆಯ ವೈಫೈಯಲ್ಲಿ ನೋಡಿ. ಮೊಬೈಲಿಗೆ ಬಂದು ಕಂಪ್ಯೂಟರಿಗೆ ಬಾರದಿದ್ದರೆ ದೋಷ ಕಂಪ್ಯೂಟರಿನದು. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ತೆರೆಯಿರಿ. ವಿದ್ಯುತ್ ಉಳಿಸಲು ಅದನ್ನು ನಿಲ್ಲಿಸಬಹುದೆಂಬ ಗುರುತು ಅಲ್ಲಿದ್ದರೆ ತೆಗೆಯಿರಿ.

ಎರಡಕ್ಕೂ ಬಾರದಿದ್ದರೆ ಪೆಟ್ಟಿಗೆ ನೋಡಿ. ಫೈಬರ್ ಪೆಟ್ಟಿಗೆಯ ಎಲ್.ಓ.ಎಸ್. ದೀಪ ಕೆಂಪಗಿದ್ದರೆ ಲೈನಿನ ದೋಷ, ಕಂಪನಿಯವರೇ ಬರಬೇಕು. ಇಲ್ಲದಿದ್ದರೆ ರೂಟರ್ ಸೆಟ್ಟಿಂಗಿನಲ್ಲಿ ‘ಕನೆಕ್ಟ್ ಆನ್ ಡಿಮ್ಯಾಂಡ್’ ಇದೆಯೇ ನೋಡಿ. ಅದಿದ್ದರೆ ಬಳಕೆಯಿಲ್ಲದಾಗ ರೂಟರೇ ಸಂಪರ್ಕ ಕಡಿಯುತ್ತದೆ. 1995ರಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಬಂದಾಗ ಇದ್ದದ್ದು ಡಯಲ್‌ಅಪ್. ಗಂಟೆಯ ಲೆಕ್ಕ, ಮೇಲೆ ಟೆಲಿಫೋನ್ ಬಿಲ್ಲು. ಅಂದು ಅದು ಉಳಿತಾಯ, ಇಂದು ಕಾಟ. ಸದಾ ಸಂಪರ್ಕವಿರುವಂತೆ ಬದಲಿಸಿ. ನಮ್ಮ ಮನೆಯ ದೋಷ ಇದೇ ಆಗಿತ್ತು.

ಒಂದು ಗುರುತು ಬದಲಿಸಲು ಮೂರು ವಾರ! ಮುದ್ರಣಾಲಯ ನಡೆಸುವವನಾಗಿ ಹೇಳುತ್ತೇನೆ, ಇಷ್ಟು ವಿಷಯ ಕನ್ನಡದ ಒಂದೇ ಹಾಳೆಯಲ್ಲಿ ಹಿಡಿಯುತ್ತದೆ. ನಮ್ಮ ದುಡ್ಡು ಪಡೆಯುವವರು ಆ ಹಾಳೆಯನ್ನೂ ಕೊಡಲಿ. ದೂರನ್ನು ಕನ್ನಡದಲ್ಲೇ ಕೊಡಿ, ಉತ್ತರವನ್ನು ಕನ್ನಡದಲ್ಲೇ ಕೇಳಿ, ದೂರಿನ ಸಂಖ್ಯೆ ಬರೆದಿಡಿ. ಸುಮ್ಮನಿದ್ದರೆ ಕಡಿದುಹೋಗುವುದು ಇಂಟರ್‌ನೆಟ್ ಒಂದೇ ಅಲ್ಲ!