ಲಾರಮಿ ಕೋಟೆ ಮತ್ತು ಮುರಿದ ಕರಾರು



ಅಮೆರಿಕದ ವಯೋಮಿಂಗ್ ಬಯಲಿನ ಲಾರಮಿ ಕೋಟೆಯು 1834ರಲ್ಲಿ ತುಪ್ಪಳ ವ್ಯಾಪಾರಿಗಳ ಠಾಣೆಯಾಗಿ ಆರಂಭವಾಯಿತು. 1849ರಲ್ಲಿ ಸೈನ್ಯವು ಅದನ್ನು ಖರೀದಿಸಿತು. ಕೋಟೆಯೆಂಬುದು ಹೆಸರಿಗಷ್ಟೇ, ಸೈನಿಕ ಠಾಣೆಗೆ ಸುತ್ತುಗೋಡೆಯೇ ಇರಲಿಲ್ಲ. ಅಲ್ಲಿ 1868ರಲ್ಲಿ ಸರಕಾರವು ಸೂ ಬುಡಕಟ್ಟುಗಳೊಂದಿಗೆ ಕರಾರು ಮಾಡಿಕೊಂಡು, ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು ಅವರಿಗೇ ಮೀಸಲಿಟ್ಟಿತು. 1874ರಲ್ಲಿ ಚಿನ್ನ ಕಂಡಿತು. 1877ರಲ್ಲಿ ಬೆಟ್ಟಗಳನ್ನೇ ಕಸಿದುಕೊಳ್ಳಲಾಯಿತು.

ನಾವು ಇದನ್ನು ಪರದೇಶದ ಕತೆಯೆಂದು ಕೇಳಿ ಮರೆಯಲಾಗದು. ಹುದೈಬಿಯಾದಲ್ಲಿ ಸಂಕೋಲೆಯೊಂದಿಗೆ ಓಡಿ ಬಂದ ಅಬೂ ಜಂದಲ್‌ರನ್ನೂ(ರ) ಪ್ರವಾದಿವರ್ಯರು(ಸ) ಕರಾರಿಗೆ ಬದ್ಧರಾಗಿ ಮರಳಿಸಿದ್ದರು. ನಿಕಾಹ್‌ನಲ್ಲಿ ಮಹ್ರ್ ಬರೆದುಕೊಟ್ಟು ವರ್ಷಾನುಗಟ್ಟಲೆ ಸಲ್ಲಿಸದವರೂ ಇದನ್ನು ನೆನೆಯಲಿ.

1890ರಲ್ಲಿ ಸೈನ್ಯವು ಕೋಟೆಯನ್ನು ತೊರೆಯಿತು, ಕಟ್ಟಡಗಳು ಹರಾಜಾದವು. ಕರಾರು ಮಾತ್ರ ಸಾಯಲಿಲ್ಲ. 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 10 ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರವನ್ನು ಎತ್ತಿಹಿಡಿಯಿತು. ಸೂ ಜನರು ಆ ಹಣವನ್ನು ಮುಟ್ಟಿಲ್ಲ, ಬೆಟ್ಟಗಳನ್ನೇ ಕೇಳುತ್ತಿದ್ದಾರೆ.