ಏಳು ತಂತಿಯ ಸಾಧನೆ



ಹೆಮ್ಮಿಗೆ ಎಂಬ ಊರಿನ ರೈತರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕಾವೇರಿ ಪಕ್ಕದಲ್ಲೇ ಹರಿದರೂ ಗದ್ದೆ ತಾನಾಗಿ ನೆನೆಯುವುದಿಲ್ಲ. ಹಿಂದಿನವರು ಮಾಧವಮಂತ್ರಿ ಕಟ್ಟೆ ಕಟ್ಟಿ, ನಾಲೆ ತೋಡಿ, ಹೂಳೆತ್ತುತ್ತಾ ಬಂದಿದ್ದಕ್ಕೆ ಆ ಬಯಲಿನಲ್ಲಿ ಭತ್ತ ಬೆಳೆಯುತ್ತದೆ. ಹುಟ್ಟಿನಿಂದ ಬಂದ ಪ್ರತಿಭೆಯೂ ಹೊಳೆಯ ನೀರೇ. ಅದಕ್ಕೆ ಕಟ್ಟೆ ಕಟ್ಟಿ ತೋರಿಸಿದ ಒಬ್ಬ ಮಹನೀಯರು ಅದೇ ತಾಲ್ಲೂಕಿನವರು. ಕಾವೇರಿ, ಕಪಿಲೆ ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು.

ಹದಿಹರೆಯದ ಹುಡುಗ ಚೌಡಯ್ಯ 1910ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಗುರುಗಳು ಹಾಡುಗಾರಿಕೆಯಲ್ಲಿ ದೊಡ್ಡ ಹೆಸರು, ಶ್ರುತಿಶುದ್ಧಿಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಎಂಟು ವರ್ಷ ಅಲ್ಲಿಯೇ ಪಾಠ, ಅಲ್ಲಿಯೇ ಸಾಧಕ. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಆಮೇಲೆ ನಡೆದ ಸಂಗತಿ.

ಆಗ ಕಛೇರಿಗಳಲ್ಲಿ ಮೈಕ್ ಇರಲಿಲ್ಲ. ಗಾಯಕರದು ತುಂಬು ಕಂಠ, ಪಕ್ಕದಲ್ಲಿ ಮೃದಂಗದ ನಾದ, ಎದುರಿಗೆ ಕಿಕ್ಕಿರಿದ ಸಭೆ. ನಾಲ್ಕು ತಂತಿಯ ಪಿಟೀಲಿನ ದನಿ ಹಿಂದಿನ ಸಾಲಿನವರೆಗೆ ಹೋಗುತ್ತಿರಲಿಲ್ಲ. ಅದು ವಾದ್ಯದ ಮಿತಿ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಚೌಡಯ್ಯನವರೂ ಒಪ್ಪಿಕೊಂಡು ಸುಮ್ಮನಿದ್ದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಇನ್ನೂ ಮೂರು ತಂತಿ ಕಟ್ಟಿದರು. 1927ರ ಹೊತ್ತಿಗೆ ಏಳು ತಂತಿಯ ಪಿಟೀಲು ಸಭೆಗೆ ಬಂತು.

ಮೂರು ತಂತಿ ಸೇರಿಸುವುದೇನು ಮಹಾ ಎನ್ನಿಸಬಹುದು. ಒಂದು ತಂತಿಯನ್ನು ಒತ್ತಿ ಪಳಗಿದ ಬೆರಳು ಈಗ ಜೋಡಿ ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಕಮಾನು ಎರಡರ ಮೇಲೂ ಒಂದೇ ಸಮನೆ ಓಡಬೇಕು. ಒಂದು ತಂತಿ ಕೂದಲೆಳೆಯಷ್ಟು ಇಳಿದರೂ ಅಪಸ್ವರ. ಅಂದರೆ ಕಲಿತ ಕೈ ಮತ್ತೆ ಮೊದಲಿನಿಂದ ಕಲಿಯಬೇಕು. ಆಗ ಅವರಿಗೆ ಮೂವತ್ತು ದಾಟಿತ್ತು, ವಿದ್ವಾಂಸರೆಂಬ ಹೆಸರೂ ಬಂದಿತ್ತು. ಹೆಸರು ಬಂದ ಮೇಲೆ ಹೊಸದಾಗಿ ಸಾಧಕಕ್ಕೆ ಕೂರಲು ಬರೀ ಪ್ರತಿಭೆಯಿಂದ ಆಗುವುದಿಲ್ಲ. ಪ್ರತಿಭೆಯುಳ್ಳವರಿಗೇ ಅದು ಹೆಚ್ಚು ಕಷ್ಟವೆಂದು ನನಗನ್ನಿಸುತ್ತದೆ; ಸುಲಭವಾಗಿ ಬಂದದ್ದರ ರುಚಿ ಹತ್ತಿದವರಿಗೆ ತಡವರಿಸುವುದು ಅವಮಾನವಾಗಿ ಕಾಣುತ್ತದೆ.

ಇಷ್ಟೆಲ್ಲ ಕಷ್ಟಪಟ್ಟದ್ದು ಬಹುಪಾಲು ಇನ್ನೊಬ್ಬರ ಹಾಡಿಗಾಗಿ ಎಂಬುದನ್ನೂ ನೆನೆಯಬೇಕು. ಅರಿಯಾಕುಡಿ, ಚೆಂಬೈ, ಸೆಮ್ಮಂಗುಡಿ ಅವರಂಥ ದಿಗ್ಗಜರಿಗೆ ಅವರು ಪಕ್ಕವಾದ್ಯ ನುಡಿಸಿದರು. ಗಾಯಕರ ಮನೋಧರ್ಮ ಮುಂದಿನ ಗಳಿಗೆ ಯಾವ ಕಡೆ ತಿರುಗುತ್ತದೋ ಪಕ್ಕದಲ್ಲಿ ಕುಳಿತವರಿಗೆ ಗೊತ್ತಿರುವುದಿಲ್ಲ. ಕಿವಿಗೊಟ್ಟು, ಆ ಕ್ಷಣವೇ ಜೊತೆಗೂಡಬೇಕು. ದಶಕಗಟ್ಟಲೆ ಹಾಗೆ ಕಿವಿಗೊಟ್ಟವರನ್ನು ಮೈಸೂರು ಅರಮನೆ ಆಸ್ಥಾನ ವಿದ್ವಾಂಸರನ್ನಾಗಿ ಮಾಡಿಕೊಂಡಿತು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು.

ಒಂದು ಮಾತು ಮಾತ್ರ ಮರೆಯಬಾರದು. ಆ ಹುಡುಗನಿಗೆ ಶ್ರದ್ಧೆಯಿತ್ತು, ಜೊತೆಗೆ ಕೈಹಿಡಿದು ತಿದ್ದುವ ಗುರುವೂ ಸಿಕ್ಕಿದರು. ಕಷ್ಟಪಡುವ ಮಗುವಿಗೆ ಕಲಿಯುವ ಜಾಗವನ್ನೇ ಕೊಡದೆ ಶ್ರದ್ಧೆ ಸಾಲದು ಎಂದು ಬೈಯುವುದು ಅನ್ಯಾಯ.

ಮಕ್ಕಳ ಸಂಗೀತದ ಬೇಸಿಗೆ ಶಿಬಿರದ ಕೊನೆಯ ದಿನ ತಂದೆತಾಯಂದಿರು ಕೇಳುತ್ತಾರೆ, "ಮೇಷ್ಟ್ರೇ, ನಮ್ಮ ಮಗುವಿಗೆ ಟ್ಯಾಲೆಂಟ್ ಇದೆಯಾ?" ಹತ್ತು ದಿನಕ್ಕೆ ಯಾವ ಮೇಷ್ಟ್ರು ತಾನೇ ಏನು ಹೇಳಿಯಾರು? ನಿನ್ನೆ ತಪ್ಪಿದ ಸ್ವರವನ್ನು ಇವತ್ತು ಯಾರೂ ಹೇಳದೆ ಮಗು ಮತ್ತೆ ಹಿಡಿಯಲು ಹೋಗುತ್ತಿದೆಯೇ, ಅದನ್ನು ನೀವೇ ಮನೆಯಲ್ಲಿ ನೋಡಿ. ಹೋಗುತ್ತಿದ್ದರೆ, ಅದಕ್ಕೊಬ್ಬ ಒಳ್ಳೆಯ ಗುರುವನ್ನು ಹುಡುಕಿ ಕೊಡಿ. ವೇದಿಕೆ ಹತ್ತಿಸುವ ಅವಸರ ಬೇಡ.